ಮೂರನೆಯ ಹೆಸರು ಯಾರದು?



ಕಳೆದ ಯುಗಾದಿಗೆ ನಮ್ಮೂರಿನ ಕನ್ನಡ ಬಳಗದವರು ಬಾಡಿಗೆಗೆ ಹಿಡಿದಿದ್ದ ಚರ್ಚ್ ಹಾಲ್‌ನಲ್ಲಿ ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದೆ. ಹುಡುಗಿಯೊಬ್ಬಳು ಪಕ್ಕಕ್ಕೆ ಬಂದಳು. ಇಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವಳು, ಮೆಡಿಕಲ್ ನಾಲ್ಕನೆಯ ವರ್ಷ. "ಆಂಟಿ, ನೀವು ರಿಸರ್ಚ್‌ನಲ್ಲಿ ಇದ್ದೀರಲ್ಲ, ಒಂದು ವಿಷಯ ಕೇಳ್ಲಾ?" ಅಂದಳು. ಅವಳ ಸೀನಿಯರ್ ಒಬ್ಬರು ಒಂದು ಪೇಪರ್ ಬರೆದಿದ್ದಾರೆ. ಅದರಲ್ಲಿ ಮೂರನೆಯ ಹೆಸರಿನ ಜಾಗ ಖಾಲಿ ಇದೆ. ಪ್ರಕಟಣೆಯ ಶುಲ್ಕದಲ್ಲಿ ಒಂದು ಪಾಲು ಕೊಟ್ಟರೆ ಇವಳ ಹೆಸರನ್ನು ಅಲ್ಲಿ ಹಾಕುತ್ತಾರೆ. ಇವಳು ಮಾಡಬೇಕಾದ ಕೆಲಸ ಏನೂ ಇಲ್ಲ. "ಎಲ್ಲರೂ ಮಾಡ್ತಾರೆ ಆಂಟಿ. ಸಿವಿಗೆ ಒಳ್ಳೇದಲ್ವಾ?"

ತಪ್ಪು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇಲ್ಲಿ ಸ್ಪೆಷಾಲಿಟಿ ತರಬೇತಿಗೆ ಅರ್ಜಿ ಹಾಕುವಾಗ ಹಲವು ಕಡೆ ಪ್ರಕಟಣೆಗಳಿಗೆ ಅಂಕ ಇದೆ. ಅವಳ ಒತ್ತಡ ಸುಳ್ಳಲ್ಲ. ಹಿರಿಯರು ಹೇಳಿದ್ದಕ್ಕೆ ಬೇಡ ಅನ್ನುವುದೂ ಸುಲಭವಲ್ಲ. "ಯಾಕೆ ತಪ್ಪು? ಯಾರಿಗೆ ನಷ್ಟ?" ಎಂದು ಅವಳು ಕೇಳಿದ್ದರೆ ಒಬ್ಬಟ್ಟು ತಣ್ಣಗಾಗುವಷ್ಟು ಹೊತ್ತು ಮಾತಾಡಬೇಕಾಗುತ್ತಿತ್ತು. ಅವತ್ತು ಸಮಯ ಸಿಗಲಿಲ್ಲ. ಇವತ್ತು ನಿಮ್ಮೆಲ್ಲರ ಮುಂದೆ ಆ ಮಾತು ಆಡುತ್ತೇನೆ. ನಾನು ವೈದ್ಯಕೀಯ ಸಂಶೋಧನೆಗಳಿಗೆ ಲೆಕ್ಕ ಹಾಕಿಕೊಡುವ ಸಂಖ್ಯಾಶಾಸ್ತ್ರದವಳು. ನನ್ನ ದಿನದ ಕೆಲಸವೇ ಇದು.

ಮೊದಲು ಜರ್ನಲ್ ಹೇಗೆ ನಡೆಯುತ್ತದೆ ಅಂತ ನೋಡೋಣ. ಸಂಶೋಧಕರು ಪೇಪರ್ ಕಳಿಸುತ್ತಾರೆ. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕಳಿಸುತ್ತಾರೆ. ಇದಕ್ಕೆ ಪೀರ್ ರಿವ್ಯೂ ಅನ್ನುತ್ತಾರೆ, ಸಮಾನಸ್ಕಂಧರಿಂದ ಪರಿಶೀಲನೆ. ಸಾಮಾನ್ಯವಾಗಿ ಇವರಿಗೆ ಸಂಬಳವಿಲ್ಲ. ಇವರು ಓದಿ, ಪ್ರಶ್ನೆ ಕೇಳಿ, ಒಪ್ಪಬಹುದು ಅಥವಾ ಬೇಡ ಎಂದು ಬರೆಯುತ್ತಾರೆ. ಆದರೆ ಇವರು ಪ್ರಯೋಗಾಲಯಕ್ಕೆ ಬರುವುದಿಲ್ಲ, ರೋಗಿಗಳ ಕಡತ ತೆರೆಯುವುದಿಲ್ಲ. ಮದುವೆಮನೆಯ ಸಾರಿಗೆ ಉಪ್ಪು ಸಾಲದು ಎಂದು ಬಾಯಿಗಿಟ್ಟವರು ಹೇಳಬಹುದು. ಬೇಳೆ ತೊಳೆದು ಹಾಕಿದ್ದಾರೋ ಇಲ್ಲವೋ ಎನ್ನುವುದು ಅಡುಗೆಯವರಿಗೆ ಮಾತ್ರ ಗೊತ್ತು. ಆದ್ದರಿಂದ ಒಂದು ಪೇಪರಿನ ಬಹುಭಾಗ ನಿಂತಿರುವುದು ಅದರ ಕೆಳಗೆ ಹೆಸರು ಹಾಕಿದವರ ಮಾತಿನ ಮೇಲೆ. ಹಲವು ನಿಯಮಗಳು ಇದೊಂದು ವಿಷಯದ ಸುತ್ತಲೇ ಸುತ್ತುತ್ತವೆ.

ಆ ಮಾತು ಸುಳ್ಳಾದರೆ ಏನಾಗುತ್ತದೆ? ಈ ದೇಶದಲ್ಲೇ ನಡೆದ ಕಥೆ ಇದೆ. ನಿಮ್ಮಲ್ಲಿ ಕೆಲವರು ಎಳೆಗೂಸಾಗಿದ್ದಾಗ ನಿಮ್ಮ ಅಪ್ಪ ಅಮ್ಮ ಇದರ ಬಗ್ಗೆ ಅಡುಗೆಮನೆಯಲ್ಲಿ ಚರ್ಚೆ ಮಾಡಿದ್ದಿರಬಹುದು.

1998ರ ಫೆಬ್ರವರಿ ಕೊನೆಯಲ್ಲಿ ‘ದಿ ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಪೇಪರ್ ಬಂತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ತಂಡ ಬರೆದದ್ದು. ಅಧ್ಯಯನದಲ್ಲಿದ್ದ ಮಕ್ಕಳು 12. ಲೇಖಕರು 13. ಹೌದು, ಮಕ್ಕಳಿಗಿಂತ ಲೇಖಕರೇ ಒಬ್ಬರು ಹೆಚ್ಚು. ಈ ಮಕ್ಕಳಿಗೆ ಕರುಳಿನ ತೊಂದರೆಯೂ ಇದೆ, ಆಟಿಸಂ ತರಹದ ಬೆಳವಣಿಗೆಯ ತೊಂದರೆಯೂ ಇದೆ, ಎಂಟು ಮಕ್ಕಳ ವಿಷಯದಲ್ಲಿ ತೊಂದರೆ ಶುರುವಾದದ್ದು ಎಂಎಂಆರ್ ಚುಚ್ಚುಮದ್ದಿನ ನಂತರ ಎಂದು ಹೇಳಿದ್ದಾರೆ ಎಂದು ಪೇಪರ್ ತಿಳಿಸಿತು. ಎಂಎಂಆರ್ ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಲಸಿಕೆ. ಲಸಿಕೆಯೇ ಕಾರಣ ಎಂದು ಸಾಬೀತು ಮಾಡಿಲ್ಲ ಎಂದು ಪೇಪರೇ ಒಪ್ಪಿಕೊಂಡಿತ್ತು. ಆದರೆ ಅದರ ಜೊತೆಗೆ ಒಂದು ಪತ್ರಿಕಾಗೋಷ್ಠಿ ನಡೆಯಿತು. ಮೊದಲ ಲೇಖಕ ಆಂಡ್ರ್ಯೂ ವೇಕ್‌ಫೀಲ್ಡ್ ಅಲ್ಲಿ ಮೂರನ್ನೂ ಒಟ್ಟಿಗೆ ಕೊಡುವುದು ಬೇಡ, ಬೇರೆ ಬೇರೆಯಾಗಿ ಕೊಡಿ ಅಂದರು. ಜನರ ಕಿವಿಗೆ ಬಿದ್ದದ್ದು ಅದೇ.

1990ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 92 ಮಕ್ಕಳಿಗೆ ಈ ಲಸಿಕೆ ಆಗುತ್ತಿತ್ತು. 2003-04ರ ಹೊತ್ತಿಗೆ ಅದು 80ಕ್ಕೆ ಇಳಿಯಿತು. ದಡಾರ ತುಂಬ ಬೇಗ ಹರಡುವ ರೋಗ. ಊರಿನಲ್ಲಿ ನೂರಕ್ಕೆ 95 ಜನರಿಗಾದರೂ ಲಸಿಕೆ ಆಗಿದ್ದರೆ ಮಾತ್ರ ಅದು ನಿಲ್ಲುತ್ತದೆ. 2012ರ ಕೊನೆಯಿಂದ 2013ರವರೆಗೆ ವೇಲ್ಸಿನ ಸ್ವಾನ್ಸಿ ಸುತ್ತಮುತ್ತ ದಡಾರ ಎದ್ದಾಗ 1,200ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಒಬ್ಬ ಯುವಕ ಸತ್ತ. ಲಸಿಕೆ ತಪ್ಪಿಸಿಕೊಂಡು ದೊಡ್ಡವರಾಗಿದ್ದ ಮಕ್ಕಳಲ್ಲಿ ಬಹಳ ಮಂದಿಗೆ ರೋಗ ತಗುಲಿತು. ಅವರ ತಾಯಿ ತಂದೆಯರನ್ನು ನಾನು ದೂರುವುದಿಲ್ಲ. ಅವರು ಓದಿದ್ದು ಯಾವುದೋ ವಾಟ್ಸಾಪ್ ಮೆಸೇಜ್ ಅಲ್ಲ. ಲ್ಯಾನ್ಸೆಟ್‌ನಲ್ಲಿ ಬಂದದ್ದು, ದೊಡ್ಡ ಆಸ್ಪತ್ರೆಯ 13 ಜನ ಹೆಸರು ಹಾಕಿದ್ದು.

ಆ ಪೇಪರಿನಲ್ಲಿ ಇರದಿದ್ದ ವಿಷಯಗಳು ಬಯಲಾದದ್ದು 2004ರಲ್ಲಿ. ಸಂಡೇ ಟೈಮ್ಸ್‌ನಲ್ಲಿ ಬ್ರಯಾನ್ ಡಿಯರ್ ಎಂಬ ಪತ್ರಕರ್ತ ಬರೆದರು. ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಹಣ ಬರುತ್ತಿತ್ತು. ಅಧ್ಯಯನದ ಮಕ್ಕಳಲ್ಲಿ ಕೆಲವರು ಅದೇ ಮೊಕದ್ದಮೆಗೆ ಸೇರಿದವರು. ಪೇಪರ್ ಬರುವ ಮೊದಲೇ, 1997ರಲ್ಲಿ, ದಡಾರಕ್ಕೆ ಬೇರೆ ಲಸಿಕೆಯೊಂದರ ಪೇಟೆಂಟಿಗೆ ಅರ್ಜಿ ಹೋಗಿತ್ತು, ಅದರಲ್ಲಿ ವೇಕ್‌ಫೀಲ್ಡ್ ಹೆಸರಿತ್ತು. ಇದನ್ನು ಹಿತಾಸಕ್ತಿ ಸಂಘರ್ಷ ಅನ್ನುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಪಡೆದ ಮಾತ್ರಕ್ಕೆ ಸಂಶೋಧನೆ ಸುಳ್ಳಾಗುವುದಿಲ್ಲ. ಔಷಧ ಕಂಪನಿಗಳ ಹಣದಲ್ಲಿ ಒಳ್ಳೆಯ ಕೆಲಸ ಎಷ್ಟೋ ನಡೆದಿದೆ. ನಿಯಮ ಕೇಳುವುದು ಇಷ್ಟೇ: ಯಾರ ಹಣ, ಏನು ಸಂಬಂಧ ಎಂದು ಹೇಳಿಬಿಡಿ, ಓದುವವರು ತೂಗಿ ನೋಡಿಕೊಳ್ಳಲಿ. ಹೇಳದಿದ್ದರೆ ತಕ್ಕಡಿಯನ್ನೇ ಕಿತ್ತುಕೊಂಡ ಹಾಗೆ.

2004ರ ಮಾರ್ಚಿನಲ್ಲಿ 13 ಲೇಖಕರಲ್ಲಿ 10 ಜನ ಆ ಲಸಿಕೆಯ ವ್ಯಾಖ್ಯಾನದಿಂದ ಹಿಂದೆ ಸರಿದರು. ವಕೀಲರ ಹಣದ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದವರು ಸಹಲೇಖಕರಲ್ಲಿ ಇದ್ದರು. ಆರು ವರ್ಷ ಅವರ ಹೆಸರು ಆ ಮಾತಿಗೆ ಬಲ ಕೊಟ್ಟಿತ್ತು. ಇಲ್ಲಿನ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ 2007ರಲ್ಲಿ ವಿಚಾರಣೆ ಶುರು ಮಾಡಿ 2010ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಮಕ್ಕಳ ಬೆನ್ನಿನಿಂದ ನೀರು ತೆಗೆಯುವಂಥ ಪರೀಕ್ಷೆಗಳನ್ನು ಸರಿಯಾದ ಅನುಮತಿ ಇಲ್ಲದೆ ಮಾಡಲಾಗಿತ್ತು. ಇನ್ನೊಂದು ವಿಷಯ ಕೇಳಿದರೆ ನಂಬುವುದು ಕಷ್ಟ. ವೇಕ್‌ಫೀಲ್ಡ್ ತಮ್ಮ ಮಗನ ಹುಟ್ಟುಹಬ್ಬದ ಪಾರ್ಟಿಗೆ ಬಂದಿದ್ದ ಮಕ್ಕಳಿಂದ ರಕ್ತ ತೆಗೆಸಿ, ಒಬ್ಬೊಬ್ಬರಿಗೆ ಐದು ಪೌಂಡ್ ಕೊಟ್ಟಿದ್ದರು. ಆ ವರ್ಷದ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪೇಪರನ್ನು ಪೂರ್ತಿ ಹಿಂತೆಗೆದುಕೊಂಡಿತು. ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರು ವೈದ್ಯರ ಪಟ್ಟಿಯಿಂದ ಹೊರಟುಹೋಯಿತು. ಪ್ರಕಟವಾಗಿ ಅಷ್ಟೊತ್ತಿಗೆ ಹನ್ನೆರಡು ವರ್ಷ ಆಗಿತ್ತು. 2011ರಲ್ಲಿ ಬಿಎಂಜೆ ಪತ್ರಿಕೆ ಡಿಯರ್ ಅವರ ತನಿಖೆಯನ್ನು ಪ್ರಕಟಿಸಿ, ಮಕ್ಕಳ ಆಸ್ಪತ್ರೆ ದಾಖಲೆಗೂ ಪೇಪರಿಗೂ ತಾಳೆಯಾಗುವುದಿಲ್ಲ, ಇದು ವಂಚನೆ ಎಂದು ನೇರವಾಗಿ ಬರೆಯಿತು.

ಅದೇ ಪೇಪರಿನ ಇನ್ನೊಬ್ಬ ಹಿರಿಯ ಲೇಖಕರನ್ನೂ ಆಗ ಪಟ್ಟಿಯಿಂದ ತೆಗೆದರು. ಅವರು ಹೈಕೋರ್ಟಿಗೆ ಹೋದರು, 2012ರಲ್ಲಿ ಗೆದ್ದರು. ಗೆದ್ದರು ನಿಜ. ಆದರೆ ನಿವೃತ್ತಿಯ ಆ ವರ್ಷಗಳೆಲ್ಲ ವಿಚಾರಣೆ, ಕೋರ್ಟು ಅಂತ ಕಳೆದವು. ಮುಂದೆ ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಂಆರ್‌ಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಹಿಂತೆಗೆದುಕೊಂಡ ಆ ಪೇಪರ್ ಬಿತ್ತಿದ ಸಂಶಯ ಮಾತ್ರ ಇವತ್ತಿಗೂ ಮನೆಮನೆಯಲ್ಲಿದೆ.

ಹಾಗಾದರೆ ಹೆಸರು ಹಾಕುವುದಕ್ಕೆ ಏನು ಅರ್ಹತೆ? 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಗುಂಪು ಮುಂದೆ ಒಂದು ಅಂತರರಾಷ್ಟ್ರೀಯ ಸಮಿತಿಯಾಯಿತು. ಇವತ್ತು ಬಹಳಷ್ಟು ಪತ್ರಿಕೆಗಳು ಅವರ ನಿಯಮವನ್ನೇ ಅನುಸರಿಸುತ್ತವೆ. ಕೆಲಸದ ಯೋಜನೆಯಲ್ಲಿ ಅಥವಾ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲಿ ನಿಜವಾದ ಪಾಲು ಇರಬೇಕು. ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು ಇರಬೇಕು. ಕೊನೆಯ ಪ್ರತಿಯನ್ನು ಓದಿ ಒಪ್ಪಿರಬೇಕು. ಮೊದಲು ಈ ಮೂರೇ ಇದ್ದವು. 2013ರಲ್ಲಿ ನಾಲ್ಕನೆಯದು ಸೇರಿತು: ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಇಡೀ ಕೆಲಸಕ್ಕೆ ನಾನು ಉತ್ತರ ಕೊಡುತ್ತೇನೆ ಎಂದು ಒಪ್ಪಿರಬೇಕು. ನಾಲ್ಕೂ ಬೇಕು, ಯಾವುದೋ ಒಂದು ಸಾಲದು. ಇಲಾಖೆಯ ಮುಖ್ಯಸ್ಥರು ಅನ್ನುವ ಕಾರಣಕ್ಕೆ ಹೆಸರು ಹಾಕುವಂತಿಲ್ಲ. ದುಡ್ಡು ಕೊಟ್ಟವರು ಅನ್ನುವ ಕಾರಣಕ್ಕಂತೂ ಇಲ್ಲವೇ ಇಲ್ಲ. ನಮ್ಮವರಲ್ಲಿ ಗುರುಗಳ ಹೆಸರು ಗೌರವಕ್ಕೆ ಸೇರಿಸುವ ರೂಢಿ ಇದೆ. ಗೌರವಕ್ಕೆ ಪೇಪರಿನ ಕೊನೆಯಲ್ಲಿ ಕೃತಜ್ಞತೆ ಎಂಬ ಜಾಗವೇ ಇದೆ, ಅಲ್ಲಿ ಧಾರಾಳವಾಗಿ ಬರೆಯಿರಿ.

ನಗು ಬರಿಸುವ ಉದಾಹರಣೆಯೂ ಒಂದಿದೆ. ಅಮೆರಿಕದ ಮಿಷಿಗನ್‌ನ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ 1975ರಲ್ಲಿ ಒಬ್ಬರೇ ಬರೆದ ಪೇಪರಿನಲ್ಲಿ ಎಲ್ಲ ಕಡೆ "ನಾವು" ಎಂದು ಟೈಪ್ ಮಾಡಿಬಿಟ್ಟಿದ್ದರು. ಒಬ್ಬನೇ ಲೇಖಕನಿದ್ದರೆ ಆ ಪತ್ರಿಕೆ "ನಾವು" ಎಂದು ಬರೆಯುವುದನ್ನು ಒಪ್ಪುವುದಿಲ್ಲ ಎಂದು ಸಹೋದ್ಯೋಗಿ ಹೇಳಿದರು. ಟೈಪ್‌ರೈಟರ್ ಕಾಲ, ಪೂರ್ತಿ ಮತ್ತೆ ಹೊಡೆಯಬೇಕು. ಅವರು ತಮ್ಮ ಸಯಾಮಿ ಬೆಕ್ಕನ್ನೇ ಸಹಲೇಖಕ ಮಾಡಿದರು, ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ. ಪೇಪರ್ ಪ್ರಕಟವಾಯಿತು. ಭೌತವಿಜ್ಞಾನ ಸರಿಯಿತ್ತು, ಬೆಕ್ಕಿನಿಂದ ಯಾರಿಗೂ ತೊಂದರೆ ಆಗಲಿಲ್ಲ. ಇವತ್ತು ಆ ಬೆಕ್ಕಿನ ಜಾಗಕ್ಕೆ ಚಾಟ್‌ಜಿಪಿಟಿ ಬಂದಿದೆ. 2023ರ ಶುರುವಿನಲ್ಲಿ ಅದನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಿದ ಪೇಪರುಗಳು ಕಾಣಿಸಿಕೊಂಡವು. ಬ್ರಿಟನ್ನಿನ ಕೆಲವು ಸಂಪಾದಕರು 1997ರಲ್ಲಿ ಕಟ್ಟಿದ, ಈಗ ಜಗತ್ತಿನಾದ್ಯಂತ ಸದಸ್ಯರಿರುವ ಕೋಪ್ ಎಂಬ ಪ್ರಕಟಣಾ ನೀತಿ ಸಮಿತಿ ತಕ್ಷಣ ಹೇಳಿತು: ಇಂಥ ಸಾಧನಗಳು ಲೇಖಕರಾಗುವಂತಿಲ್ಲ. ಕಾರಣ ನೋಡಿ, ಅವುಗಳಿಗೆ ಬುದ್ಧಿ ಇಲ್ಲ ಅಂತಲ್ಲ, ಅವು ಹೊಣೆ ಹೊರಲಾರವು ಅಂತ. ಬಳಸಿದ್ದರೆ ಎಲ್ಲಿ, ಹೇಗೆ ಬಳಸಿದಿರಿ ಎಂದು ಬರೆಯಬೇಕು.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಈ ದೇಶಕ್ಕೆ ಬಂದ ಹೊಸತು. ರಕ್ತದೊತ್ತಡದ ಒಂದು ಅಧ್ಯಯನಕ್ಕೆ ಲೆಕ್ಕ ಹಾಕಿಕೊಟ್ಟಿದ್ದೆ. ಐದನೆಯ ಹೆಸರು ನನ್ನದು. ಕೊನೆಯ ಪ್ರತಿ ಶುಕ್ರವಾರ ಸಂಜೆ ಬಂತು, ಸೋಮವಾರದೊಳಗೆ ಒಪ್ಪಿಗೆ ಬೇಕಿತ್ತು. ಮಗುವಿಗೆ ಜ್ವರ. ನಾನು ಮಾಡಿದ ಕೋಷ್ಟಕ ಇದೆಯೋ ಇಲ್ಲವೋ ನೋಡಿ "ಒಪ್ಪಿದ್ದೇನೆ" ಎಂದು ಕಳಿಸಿದೆ. ಎರಡು ವರ್ಷದ ನಂತರ ಯಾರೋ ಓದುಗರು ಪತ್ರ ಬರೆದರು. ಮುದ್ರಣಕ್ಕೆ ಸಿದ್ಧಪಡಿಸುವಾಗ ಎರಡು ಗುಂಪುಗಳ ತಲೆಬರಹ ಅದಲುಬದಲಾಗಿತ್ತು. ಮಾತ್ರೆ ತೆಗೆದುಕೊಂಡವರ ಅಂಕಿ ತೆಗೆದುಕೊಳ್ಳದವರ ಕೆಳಗೆ ಹೋಗಿತ್ತು. ನಾನು ಕಣ್ಣಾಡಿಸಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು, ಏಕೆಂದರೆ ಆ ಅಂಕಿಗಳು ನನ್ನವೇ. ತಿದ್ದುಪಡಿ ಪ್ರಕಟವಾಯಿತು. ಇವತ್ತಿಗೂ ನನ್ನ ಹೆಸರು ಹುಡುಕಿದರೆ ಆ ತಿದ್ದುಪಡಿಯೂ ಜೊತೆಗೇ ಬರುತ್ತದೆ. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ಎರಡು ವರ್ಷದಲ್ಲಿ ಆ ಕೋಷ್ಟಕ ನೋಡಿ ಯಾವ ಡಾಕ್ಟರು ಏನು ತೀರ್ಮಾನ ಮಾಡಿದರೋ ನನಗೆ ಎಂದೂ ತಿಳಿಯುವುದಿಲ್ಲ.

ದೊಡ್ಡವರೂ ಹೀಗೇ ಎಡವುತ್ತಾರೆ. 2020ರ ಮೇ 22ರಂದು, ಕೋವಿಡ್ ಜೋರಾಗಿದ್ದಾಗ, ಅದೇ ಲ್ಯಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಬಗ್ಗೆ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,000 ರೋಗಿಗಳ ಮಾಹಿತಿ ಎಂದಿತ್ತು. ಔಷಧ ಕೊಟ್ಟವರಲ್ಲಿ ಸಾವು ಹೆಚ್ಚು ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಆಸ್ಟ್ರೇಲಿಯಾದಲ್ಲಿ ಅಷ್ಟು ಹೊತ್ತಿಗೆ ದೇಶದಲ್ಲೇ ಸತ್ತವರಿಗಿಂತ ಹೆಚ್ಚು ಸಾವು ಪೇಪರಿನಲ್ಲಿತ್ತು! ಮಾಹಿತಿ ಕೊಟ್ಟ ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ ಮೂಲ ದಾಖಲೆ ತೋರಿಸಲಿಲ್ಲ. ಆ ಕಂಪನಿಯವರನ್ನು ಬಿಟ್ಟರೆ ಉಳಿದ ಮೂವರು ಲೇಖಕರು ಮೂಲ ಮಾಹಿತಿಯನ್ನು ತಾವು ಪರಿಶೀಲಿಸಲಾಗಿಲ್ಲ ಎಂದು ಜೂನ್ 4ರಂದು ಪೇಪರನ್ನು ಹಿಂತೆಗೆದುಕೊಂಡರು. ಹದಿಮೂರು ದಿನ. ವೇಕ್‌ಫೀಲ್ಡ್ ಪೇಪರಿಗೆ ಹನ್ನೆರಡು ವರ್ಷ ಹಿಡಿದದ್ದನ್ನು ನೆನೆದರೆ ಇದು ಪ್ರಗತಿಯೇ. ಔಷಧದ ವಿಷಯ ಆಮೇಲೆ ಬೇರೆ ಅಧ್ಯಯನಗಳಲ್ಲಿ ತೀರ್ಮಾನವಾಯಿತು, ಕೋವಿಡ್‌ಗೆ ಅದು ಪ್ರಯೋಜನವಿಲ್ಲ ಎಂದು. ತೀರ್ಮಾನ ಏನೇ ಇರಲಿ, ಕಾಣದ ಮಾಹಿತಿಗೆ ಹೆಸರು ಕೊಟ್ಟದ್ದು ಕೊಟ್ಟದ್ದೇ.

ಇನ್ನು ದುಡ್ಡಿನ ವಿಷಯ. ಲೇಖಕರಿಂದ ಶುಲ್ಕ ತೆಗೆದುಕೊಂಡು ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಓಪನ್ ಆಕ್ಸೆಸ್ ಪತ್ರಿಕೆಗಳಲ್ಲಿ ತಪ್ಪೇನಿಲ್ಲ, ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ. ಆದರೆ ಶುಲ್ಕ ತೆಗೆದುಕೊಂಡು ಪರಿಶೀಲನೆಯನ್ನೇ ಮಾಡದವು ಸಾವಿರಾರು ಇವೆ. ಜಾನ್ ಬೊಹ್ಯಾನನ್ ಎಂಬ ಪತ್ರಕರ್ತ ‘ಸೈನ್ಸ್’ ಪತ್ರಿಕೆಗಾಗಿ 2013ರಲ್ಲಿ ಒಂದು ಪರೀಕ್ಷೆ ಮಾಡಿದರು. ಕಲ್ಲುಹೂವಿನಿಂದ, ಅದೇ ನಿಮ್ಮಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದರಿಂದ, ತೆಗೆದ ವಸ್ತು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ಒಂದು ಸುಳ್ಳು ಪೇಪರ್ ಬರೆದು, ಇಲ್ಲದ ಸಂಸ್ಥೆಯ ಇಲ್ಲದ ಲೇಖಕರ ಹೆಸರಿನಲ್ಲಿ 304 ಪತ್ರಿಕೆಗಳಿಗೆ ಕಳಿಸಿದರು. ವಿಷಯ ಬಲ್ಲವರು ನೋಡಿದ ಕೂಡಲೇ ಹಿಡಿಯಬಹುದಾದ ತಪ್ಪುಗಳನ್ನು ಬೇಕೆಂದೇ ಇಟ್ಟಿದ್ದರು. 157 ಪತ್ರಿಕೆಗಳು ಒಪ್ಪಿದವು, 98 ತಿರಸ್ಕರಿಸಿದವು. ಆ ಪತ್ರಿಕೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಭಾರತದಿಂದ ನಡೆಯುತ್ತಿದ್ದವು.

ಇದನ್ನು ಕೇಳಿ "ಇಂಡಿಯಾ ಅಂದ್ರೆ ಹಾಗೇ" ಎಂದು ನಗುವುದು ಬೇಡ. ನನ್ನ ಚಿಕ್ಕಪ್ಪನ ಮಗ ಕರ್ನಾಟಕದಲ್ಲೇ ಕಾಲೇಜು ಮೇಷ್ಟ್ರು. ಪಿಎಚ್‌ಡಿ ಒಪ್ಪಿಸುವ ಮುಂಚೆ ಒಂದು ಪೇಪರಾದರೂ ಪ್ರಕಟವಾಗಿರಬೇಕು ಎಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು, ಬಡ್ತಿಗೂ ಪ್ರಕಟಣೆಯ ಅಂಕ ಬಂತು. ಪಾಠ ಮಾಡುವುದೇ ಕೆಲಸವಾದ, ಒಳ್ಳೆಯ ಲೈಬ್ರರಿ ಇಲ್ಲದ ಊರಿನ ಮೇಷ್ಟ್ರುಗಳೂ ಪೇಪರ್ ತೋರಿಸಬೇಕಾಯಿತು. ಬೇಡಿಕೆ ಹುಟ್ಟಿದ ಕಡೆ ಅಂಗಡಿ ಹುಟ್ಟಿತು. "ಮೂರು ದಿನದಲ್ಲಿ ಪ್ರಕಟಣೆ" ಎಂಬ ಮೆಸೇಜುಗಳು ಅವನ ಫೋನಿಗೆ ವಾರಕ್ಕೆರಡು ಬರುತ್ತವೆ. ಯುಜಿಸಿ 2018ರಲ್ಲಿ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು, 2022ರಲ್ಲಿ ಪಿಎಚ್‌ಡಿಯ ಕಡ್ಡಾಯವನ್ನೂ ತೆಗೆಯಿತು. ಅದೇ ಕರ್ನಾಟಕದಲ್ಲಿ, ಬೆಂಗಳೂರಿನಿಂದ, ‘ಕರೆಂಟ್ ಸೈನ್ಸ್’ 1932ರಿಂದ ಬರುತ್ತಿದೆ. ದೊಡ್ಡ ಪಾಶ್ಚಾತ್ಯ ಪ್ರಕಾಶಕರೂ ಹೊರತಲ್ಲ. ಅಮೆರಿಕದ ವೈಲಿ ಕಂಪನಿ ಕೊಂಡುಕೊಂಡ ಹಿಂದಾವಿ ಪತ್ರಿಕೆಗಳಿಂದ 2023ರಲ್ಲಿ 8,000ಕ್ಕೂ ಹೆಚ್ಚು ಪೇಪರುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೆಚ್ಚಿನವು ಪೇಪರ್ ಮಿಲ್‌ಗಳ ಸರಕು. ಪೇಪರ್ ಮಿಲ್ ಅಂದರೆ ಪೇಪರ್ ಬರೆದು, ಲೇಖಕರ ಜಾಗಗಳನ್ನು ಸಿನಿಮಾ ಸೀಟಿನ ಹಾಗೆ ಮಾರುವ ದಂಧೆ. ಮೊದಲ ಸಾಲಿಗೆ ಹೆಚ್ಚು, ಮೂರನೆಯದಕ್ಕೆ ಕಡಿಮೆ. ಕದ್ದ ವಾಕ್ಯ ಸಿಕ್ಕಿಬೀಳದಿರಲಿ ಎಂದು ಸಾಫ್ಟ್‌ವೇರಿನಿಂದ ಪದ ಬದಲಿಸುತ್ತಾರೆ. ಹಾಗಾಗಿ ‘ಬ್ರೆಸ್ಟ್ ಕ್ಯಾನ್ಸರ್’ ಎನ್ನುವುದು ‘ಬೂಸಮ್ ಪೆರಿಲ್’ ಆಗಿ ಅಚ್ಚಾದ ಉದಾಹರಣೆಗಳಿವೆ. ನಗಬೇಡಿ, ಅದರ ಕೆಳಗೂ ಯಾರದೋ ಹೆಸರಿದೆ.

ಆ ಹುಡುಗಿಗೆ ನಾನು ಅವತ್ತು ಹೇಳಿದ್ದು ಒಂದೇ ಮಾತು. "ಬೇಡ ಅನ್ನಬೇಡ ಪುಟ್ಟಿ. ಮೂಲ ಡೇಟಾ ಕಳಿಸಿ, ಓದಿ ನೋಡಿ ಏನಾದರೂ ಕೆಲಸ ಮಾಡಿಕೊಡ್ತೀನಿ ಅಂತ ಕೇಳು." ಹೀಗೆ ಕೇಳಿದರೆ ಹಿರಿಯರಿಗೆ ಅವಮಾನವೂ ಆಗುವುದಿಲ್ಲ. ನಿಮಗೂ ಇಂಥ ಮಾತು ಬಂದರೆ ಪತ್ರಿಕೆಯ ಹೆಸರು ಡಿಒಎಜೆ ಎಂಬ ಓಪನ್ ಆಕ್ಸೆಸ್ ಪತ್ರಿಕೆಗಳ ಪಟ್ಟಿಯಲ್ಲಿ ಅಥವಾ ಕೋಪ್ ಸದಸ್ಯರಲ್ಲಿ ಇದೆಯೇ ನೋಡಿ. ಸಂಪಾದಕ ಮಂಡಲಿಯಲ್ಲಿ ಒಬ್ಬರಿಗಾದರೂ ಇಮೇಲ್ ಹಾಕಿ, ತಾವು ಅಲ್ಲಿದ್ದೇವೆಂದು ಅವರಿಗೇ ಗೊತ್ತಿರದ ಸಂದರ್ಭಗಳೂ ಉಂಟು. ನಿಮ್ಮ ಲೈಬ್ರರಿಯವರನ್ನು ಕೇಳಿ, ಯೂನಿವರ್ಸಿಟಿ ಲೈಬ್ರರಿಯವರಿಗೆ ಈ ಪತ್ರಿಕೆಗಳ ಜಾತಕ ಚೆನ್ನಾಗಿ ಗೊತ್ತು.

ಎರಡು ವಾರದ ನಂತರ ಅವಳ ಮೆಸೇಜ್ ಬಂತು. "ಆಂಟಿ, ಡೇಟಾ ಕೇಳಿದೆ. ಆ ಜಾಗ ಬೇರೆಯವರಿಗೆ ಆಯ್ತು ಅಂದ್ರು." ಕೆಳಗೆ ಇನ್ನೊಂದು ಸಾಲು ಇತ್ತು. ಅವಳ ವಾರ್ಡಿನಲ್ಲಿ ರೋಗಿಗಳಿಗೆ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ಎಂದು ಲೆಕ್ಕ ಇಡುವ ಒಂದು ಸಣ್ಣ ಕೆಲಸ ಇದೆಯಂತೆ, ನಲವತ್ತು ಕಡತ ಓದಬೇಕಂತೆ, ಕೋಷ್ಟಕ ಹೇಗೆ ಮಾಡುವುದು ತೋರಿಸಿಕೊಡುತ್ತೀರಾ ಅಂತ. ಈ ಶನಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬರುತ್ತಿದ್ದಾಳೆ.